ತೊಟ್ಟಿಯ ಪಕ್ಕದ ಗೋಡೆ

ಆ ದಿನ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಪೋಷಕರ ಸಭೆಯಲ್ಲಿ ಎಲ್ಲರೂ ಮಗ್ಗಿ, ಅಂಕ, ಶೂ ಪಾಲಿಶ್ ಅಂತ ಮಾತಾಡುತ್ತಿದ್ದರು. ನಾನು ಮಾತ್ರ ಎರಡನೇ ತರಗತಿಯ ಕೋಣೆಯ ಗೋಡೆಯನ್ನೇ ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷ ಗೋಡೆಗಳಿಗೆ ಬಣ್ಣ ಬಳಿದವನ ಕಣ್ಣು ಇನ್ನೆಲ್ಲಿಗೆ ಹೋದೀತು? ಮೂಲೆಯಲ್ಲಿ ಪದರು ಎದ್ದಿತ್ತು, ಕಿಟಕಿಯ ಕೆಳಗೆ ಬಿರುಕು, ಮಕ್ಕಳು ಕೈ ತೊಳೆಯುವ ತೊಟ್ಟಿಯ ಪಕ್ಕದಲ್ಲಂತೂ ನೋಡಲಾಗದಷ್ಟು ಗಲೀಜು. ನನ್ನ ಸರದಿ ಬಂದಾಗ ಮಗಳ ಓದಿನ ವಿಷಯ ಬಿಟ್ಟು, "ಟೀಚರ್, ಈ ಗೋಡೆ ನೋಡ್ತಾ ಮಕ್ಕಳು ಹೇಗೆ ಪಾಠ ಕೇಳ್ತಾವೆ?" ಅಂದುಬಿಟ್ಟೆ.

ಟೀಚರ್ ಕಾಯುತ್ತಿದ್ದವರಂತೆ ನಕ್ಕರು. "ವರ್ಷದ ಕೊನೇಲಿ ಆ ಗೋಡೆ ಮೇಲೆ ಮಕ್ಕಳ ಕೈಲಿ ಚಿತ್ರ ಬರೆಸೋಣ ಅಂತಿದ್ದೀನಿ. ನೀವೇ ಬಂದು ಸಹಾಯ ಮಾಡಿ. ಶುಕ್ರವಾರ ಮಧ್ಯಾಹ್ನ ಚಿತ್ರಕಲೆ ಕ್ಲಾಸು. ಪೋಷಕರು ಯಾರಾದ್ರೂ ಬನ್ನಿ ಅಂದ್ರೆ ಒಬ್ಬರೂ ಬರಲ್ಲ."

ಎಲ್ಲರ ಎದುರು ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮನೆಗೆ ಬಂದಾಗ ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. "ಮಕ್ಕಳ ಜೊತೆ ನೀನಾ? ಅರ್ಧ ಗಂಟೇಲಿ ಒಂದಕ್ಕಾದ್ರೂ ಬೈದು ಅಳಿಸಿ ಬರ್ತೀಯ" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದೂ ಕೆಲಸದ ಹೊತ್ತಿನಲ್ಲಿ ಕೇಳಲೇಬೇಡಿ. ಆದರೆ ಏಳು ವರ್ಷದ ಮಗಳು ಮಾತ್ರ ನೆಲದ ಮೇಲೆ ಕಾಲು ನಿಲ್ಲಿಸಲಿಲ್ಲ. ನಮ್ಮಪ್ಪ ಬರ್ತಾರೆ, ನಮ್ಮಪ್ಪ ಬರ್ತಾರೆ ಎಂದು ಪಕ್ಕದ ಮನೆಯವರ ತಲೆಯನ್ನೂ ತಿಂದಳು.

ಮೊದಲ ಶುಕ್ರವಾರ ನಾನು ಹೋದಾಗ ಇಪ್ಪತ್ತಾರು ಮಕ್ಕಳು ನನ್ನನ್ನು ಮೇಲಿಂದ ಕೆಳಗೆ ನೋಡಿದವು. ಆನೆ ಬರೆದು ತೋರಿಸಿ ಎಂದು ಒಬ್ಬಳು ಕೇಳಿದಳು.

"ನಂಗೆ ಆನೆ ಬರಲ್ಲ ಮರಿ. ನಾನು ಗೋಡೆಗೆ ಬಣ್ಣ ಹೊಡೆಯೋನು."

"ಹಾಗಾದ್ರೆ ಬೆಕ್ಕು?"

"ಅದೂ ಬರಲ್ಲ."

"ಮತ್ತೆ ನಿಮ್ಮನ್ನ ಯಾಕೆ ಕರೆಸಿದ್ದು?" ಎಂದಳು ಅವಳು. ನನ್ನ ಮಗಳ ಮುಖ ಸಣ್ಣಗಾಯಿತು. ನಾನು ನಾಲಿಗೆ ಕಚ್ಚಿಕೊಂಡು ಬಣ್ಣದ ಬಟ್ಟಲುಗಳಿಗೆ ನೀರು ತುಂಬಿಸತೊಡಗಿದೆ.

ತೊಟ್ಟಿಯ ಹತ್ತಿರ ಇನ್ನೊಬ್ಬಳು ಹೆಂಗಸು ಇದ್ದಳು. ಮೂವತ್ತೈದರ ಆಸುಪಾಸು, ತಲೆಯ ನಡುವೆ ಎತ್ತಿ ಕಟ್ಟಿದ ತುರುಬು, ಮೊಣಕೈವರೆಗೆ ಮಡಿಸಿದ ತೋಳು. ಮಕ್ಕಳು ಬಣ್ಣ ಬದಲಿಸಿದ ಹಾಗೆಲ್ಲ ಅವಳ ಕೈಗೆ ಬ್ರಶ್ ಕೊಡುತ್ತಿದ್ದವು. ಅವಳು ತೊಳೆದು, ಬ್ರಶ್ಶಿನ ಕೂದಲು ನೆಟ್ಟಗೆ ಮಾಡಿ, ಬಟ್ಟೆಯಲ್ಲಿ ಒತ್ತಿ ವಾಪಸು ಕೊಡುತ್ತಿದ್ದಳು. ಮಕ್ಕಳು ಅವಳನ್ನು ಬ್ರಶ್ಶಮ್ಮ ಅನ್ನುತ್ತಿದ್ದವು. ಕೆಲಸ ಬಲ್ಲ ಕೈ ಯಾವುದು ಅಂತ ನನಗೆ ನೋಡಿದ ಕೂಡಲೇ ತಿಳಿಯುತ್ತದೆ. ನನ್ನ ಕೈಕೆಳಗಿನ ಹುಡುಗರಿಗೆ ಹತ್ತು ವರ್ಷದಿಂದ ಬೈದರೂ ಬ್ರಶ್ ಹಾಗೆ ತೊಳೆಯಲು ಬರುವುದಿಲ್ಲ.

ಅವಳ ಬಗ್ಗೆ ನನಗೆ ಆಮೇಲೆ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಅವಳ ಮಗಳು ಇದೇ ಮಕ್ಕಳ ಜೊತೆ ಒಂದನೇ ತರಗತಿಯಲ್ಲಿದ್ದಳು. ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟಳು. ಮಗಳಿದ್ದಾಗ ಪ್ರತಿ ಶುಕ್ರವಾರ ಬಂದು ಬ್ರಶ್ ತೊಳೆಯುತ್ತಿದ್ದವಳು, ಮಗಳು ಹೋದ ಮೂರನೇ ಶುಕ್ರವಾರ ಮತ್ತೆ ಬಂದು ಅದೇ ತೊಟ್ಟಿಯ ಹತ್ತಿರ ನಿಂತಳಂತೆ. ಬರಬೇಡಿ ಎನ್ನುವ ಎದೆ ಯಾರಿಗೂ ಇರಲಿಲ್ಲ. ಮಕ್ಕಳು ಎರಡನೇ ತರಗತಿಗೆ ಬಂದರೂ ಟೀಚರ್ ಅವರನ್ನು ಆ ಕೋಣೆಯಿಂದ ಬದಲಿಸಲಿಲ್ಲ, ಅವಳಿಗಾಗಿ. ಇದು ನನಗೊಬ್ಬನಿಗೆ ಬಿಟ್ಟು ಇಡೀ ತರಗತಿಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಗೊತ್ತಿತ್ತಂತೆ. ಆ ವರ್ಷ ನಾನು ಬೇರೆ ಊರಿನ ಕಟ್ಟಡದ ಕೆಲಸದಲ್ಲಿದ್ದೆ, ಬಂದಮೇಲೂ ಕೇಳುವ ಗೋಜಿಗೆ ಹೋಗಿರಲಿಲ್ಲ.

ಮುಂದಿನ ವಾರ ಮಕ್ಕಳು ಗೋಡೆಯ ಮೇಲೆ ಬರೆಯಬೇಕಿತ್ತು. ಆ ಸ್ಥಿತಿಯಲ್ಲಿರುವ ಗೋಡೆಯ ಮೇಲೆ ಬಣ್ಣ ಹಾಕಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಭಾನುವಾರ ಶಾಲೆಯ ಕಾವಲುಗಾರನಿಂದ ಬಾಗಿಲು ತೆಗೆಸಿ, ಒಂದು ಏಣಿ, ಬಿರುಕು ತುಂಬುವ ಪುಟ್ಟಿಯ ಚೀಲ, ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್ ಡಬ್ಬ ಹೊತ್ತುಕೊಂಡು ಹೋದೆ. ಮಗಳು ಹಠ ಮಾಡಿ ಜೊತೆಗೆ ಬಂದಳು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಏಣಿಯ ಮೇಲಿರುವವನನ್ನು ಯಾರೂ ಮಾತಾಡಿಸಬಾರದು. ನನಗೆ ಕೆಲಸ ಕಲಿಸಿದ್ದು ನನ್ನಣ್ಣ. ಎರಡನೇ ಮಹಡಿಯ ಎತ್ತರದಲ್ಲಿ ನಿಂತು ಬಣ್ಣ ಹೊಡೆಯುತ್ತಿದ್ದಾಗ ಕೆಳಗಿನಿಂದ ಯಾರೋ ಚಹಾಕ್ಕೆ ಕರೆದರು, ಅವನು ತಿರುಗಿದ, ಅಷ್ಟೇ. ಇವತ್ತಿಗೂ ಕುಂಟುತ್ತಾನೆ. ಅಂದಿನಿಂದ ನನ್ನ ಹತ್ತಿರ ಕೆಲಸ ಮಾಡುವವರಿಗೆಲ್ಲ ಮೊದಲ ದಿನ ಹೇಳುವ ಮಾತೇ ಅದು. ಬರುಬರುತ್ತಾ ಆ ನಿಯಮ ಏಣಿಯಿಂದ ಇಳಿದು ನೆಲಕ್ಕೂ ಬಂತು. ನನ್ನ ಕೈಯಲ್ಲಿ ಬ್ರಶ್ ಇದ್ದರೆ ಸಾಕು, ಸುತ್ತ ಇರುವವರ ಬಾಯಿಗೆ ಬೀಗ. ಮಗಳಿಗೂ ಅದು ಚೆನ್ನಾಗಿ ಗೊತ್ತಿತ್ತು.

ಮೇಲಿನ ಭಾಗ ಕೆರೆದು ಮುಗಿಸಿ ತೊಟ್ಟಿಯ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತೆ. ನೆಲದಿಂದ ಎರಡಡಿ ಮೇಲೆ, ಒಂದು ಗೇಣಿನಷ್ಟು ಜಾಗದಲ್ಲಿ ನೀಲಿ ಬಣ್ಣದ ಗೀಚು. ಕೆಳಗೊಂದು ಅಂಕುಡೊಂಕು ವೃತ್ತ, ಅದರೊಳಗಿಂದ ಎದ್ದ ನಾಲ್ಕಾರು ಗೆರೆ, ಮೇಲೊಂದು ದೊಡ್ಡ ಉಂಡೆ, ಅದರ ನೆತ್ತಿಯ ಮೇಲೆ ಇನ್ನೊಂದು ಚಿಕ್ಕ ಉಂಡೆ, ದೊಡ್ಡ ಉಂಡೆಯ ನಡುವೆ ಕೆಂಪಿನ ಒಂದು ಗೀಟು. ಉಗುರಿನಿಂದ ಕೆರೆದು ನೋಡಿದೆ. ಎಣ್ಣೆ ಬಣ್ಣ. ಬೆಂಚಿಗೆ ಬಳಿಯಲು ತಂದಿದ್ದ ಡಬ್ಬಕ್ಕೆ ಯಾವುದೋ ಮಗು ಬ್ರಶ್ ಅದ್ದಿ ಗೀಚಿದೆ ಎಂದುಕೊಂಡೆ. ಬೇರೆ ಯಾವನಾದರೂ ಆಗಿದ್ದರೆ ಅದರ ಮೇಲೆಯೇ ಪ್ರೈಮರ್ ಎಳೆದು ಕೈ ತೊಳೆದುಕೊಳ್ಳುತ್ತಿದ್ದ. ನಾನು ಹಾಗೆ ಮಾಡುವವನಲ್ಲ. ಎಣ್ಣೆ ಬಣ್ಣದ ಮೇಲೆ ನೀರಿನ ಬಣ್ಣ ಕಚ್ಚುವುದಿಲ್ಲ, ಆರು ತಿಂಗಳಲ್ಲಿ ಎದ್ದು ಬರುತ್ತದೆ. ಬುಡಸಮೇತ ತೆಗೆಯಬೇಕು. ಉಜ್ಜಲು ಒರಟು ಉಪ್ಪುಕಾಗದ ತೆಗೆದೆ.

"ಅಪ್ಪಾ..." ಎಂದಳು ಮಗಳು, ಬೆನ್ನ ಹಿಂದಿನಿಂದ.

"ಕೆಲಸದ ಹೊತ್ತಲ್ಲಿ ಏನು?"

"ಮಾತಿಲ್ಲ."

"ಮತ್ತೆ?"

ಅವಳು ಸುಮ್ಮನಾದಳು. ನಾನು ಉಜ್ಜಿದೆ. ಕಾಲು ಗಂಟೆಯಲ್ಲಿ ನೀಲಿಯೂ ಇಲ್ಲ, ಕೆಂಪೂ ಇಲ್ಲ, ಬರೀ ಗಾರೆ. ಪುಡಿ ಗುಡಿಸಿ ಹೊರಗೆ ಚೆಲ್ಲಿದೆ. ಪುಟ್ಟಿ ಎಳೆದು, ಅದು ಆರಿದ ಮೇಲೆ ಸಣ್ಣ ಉಪ್ಪುಕಾಗದದಲ್ಲಿ ನಯ ಮಾಡಿ, ಪ್ರೈಮರ್ ಹೊಡೆದು, ದೂರ ನಿಂತು ನೋಡಿದೆ. ಅಂಗೈ ಆಡಿಸಿದರೆ ಎಲ್ಲೂ ತಡೆಯದಂಥ ಗೋಡೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮಗಳನ್ನು ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಅಂದಳು. ಅವಳ ಮುಖವನ್ನು ನಾನು ನೋಡಲಿಲ್ಲ, ನನ್ನ ಗೋಡೆಯನ್ನೇ ನೋಡುತ್ತಿದ್ದೆ.

ಶುಕ್ರವಾರ ಮಕ್ಕಳು ಊಟ ಮುಗಿಸಿ ಒಳಗೆ ಬಂದವು. ಚಪ್ಪಾಳೆ ತಟ್ಟುತ್ತವೆ ಎಂದುಕೊಂಡಿದ್ದೆ. ಒಂದೊಂದೇ ಮಗು ಗೋಡೆ ನೋಡಿ, ನನ್ನನ್ನು ನೋಡಿ, ತಲೆ ತಗ್ಗಿಸಿ ಕೂತಿತು. ಸೋಮವಾರದಿಂದ ಅದೇ ಗೋಡೆಯ ಎದುರು ಕೂತಿದ್ದರೂ ಆಗ ಅವರ ಕಣ್ಣೆಲ್ಲ ಬಾಗಿಲ ಕಡೆಗಿತ್ತು. ಬ್ರಶ್ಶಮ್ಮ ಬಕೀಟು ಹಿಡಿದು ಬಂದಳು.

ಅವಳು ಬಕೀಟನ್ನು ಕೆಳಗಿಡಲಿಲ್ಲ. ನೀರಿನ ಭಾರಕ್ಕೆ ಒಂದು ಭುಜ ವಾಲಿಸಿಕೊಂಡೇ ತೊಟ್ಟಿಯ ಪಕ್ಕದ ಜಾಗವನ್ನು ನೋಡುತ್ತ ನಿಂತಳು. ಆಮೇಲೆ, "ಇಲ್ಲಿತ್ತಲ್ಲ, ಎಲ್ಲಿ?" ಎಂದಳು. ಯಾರನ್ನೂ ಕುರಿತು ಕೇಳಿದ್ದಲ್ಲ.

ಟೀಚರ್ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದರು. ಅಲ್ಲಿ ವರಾಂಡದ ಕಂಬದ ಹತ್ತಿರ ನಿಂತು ಎಲ್ಲವನ್ನೂ ಹೇಳಿದರು. ಆ ಗೀಚು ಅವಳ ಮಗಳದ್ದು. ಜ್ವರ ಬರುವುದಕ್ಕೆ ನಾಲ್ಕು ದಿನ ಮುಂಚೆ ಬರೆದದ್ದು. ಅದಕ್ಕೇ ತೊಟ್ಟಿಯ ಕಡೆಯ ಭಾಗ ಬಿಟ್ಟು ಉಳಿದ ಗೋಡೆಯಲ್ಲಿ ಬರೆಸುವುದೆಂದು ಟೀಚರ್ ಅಂದುಕೊಂಡಿದ್ದರು, ನನಗೆ ಹೇಳಲು ಮರೆತಿದ್ದರು. ನಾನು ಭಾನುವಾರ ಬಂದದ್ದೂ ಅವರಿಗೆ ಗೊತ್ತಿರಲಿಲ್ಲ. "ಸೋಮವಾರ ಬೆಳಿಗ್ಗೆ ನೋಡಿ ನನ್ನ ಕೈಕಾಲೇ ಆಡಲಿಲ್ಲ. ಅವರಿಗೆ ಹೇಗೆ ಹೇಳೋದು ಅಂತ ವಾರವೆಲ್ಲ ಒದ್ದಾಡಿದೀನಿ" ಅಂದರು.

ನನಗೆ ಮೊದಲು ಬಂದದ್ದು ಕೋಪ. ಇಷ್ಟು ದೊಡ್ಡ ವಿಷಯ ಹೇಳದೆ ಬಿಡುವುದೇ? ಪುಕ್ಕಟೆ ಬಂದು ದುಡಿದವನ ತಲೆಗೆ ಪಾಪ ಕಟ್ಟುವುದೇ? ಬಾಯಿಯ ತನಕ ಬಂದ ಮಾತು ಟೀಚರ್ ಕಣ್ಣಲ್ಲಿ ನೀರು ಕಂಡು ಅಲ್ಲೇ ನಿಂತಿತು.

"ಬಣ್ಣದ ಅಡಿಯಲ್ಲಿ ಹಾಗೇ ಇದೆ ಅಲ್ವಾ?" ಎಂದು ಟೀಚರ್ ಕೇಳಿದರು.

"ಇಲ್ಲ. ಉಜ್ಜಿ ತೆಗೆದಿದೀನಿ."

ಅವರು ತರಗತಿಯ ಬಾಗಿಲ ಕಡೆ ತಿರುಗಿ ನೋಡಿದರು. "ಹಾಗಂತ ಹೇಳಬೇಡಿ. ಒಳಗಿದೆ ಅಂತ ಹೇಳಿಬಿಡಿ. ಅಷ್ಟಾದ್ರೂ ಇರಲಿ ಅವರಿಗೆ."

ನಾನು ಒಳಗೆ ಹೋದೆ. ಯಾವ ಮನೆಯಲ್ಲೂ ಎರಡು ಕೋಟು ಬಣ್ಣ ಹೊಡೆದು ಮೂರು ಎಂದವನಲ್ಲ ನಾನು. ಅಂಥವನು ಅವಳ ಎದುರು ನಿಂತು, "ಏನೂ ಆಗಿಲ್ಲ ತಾಯಿ, ಅಡಿಯಲ್ಲಿ ಭದ್ರವಾಗಿದೆ. ಮೇಲೆ ಒಂದು ಪದರ ಬಣ್ಣ ಬಂದಿದೆ ಅಷ್ಟೇ" ಎಂದೆ. ಅವಳು ಬಕೀಟು ಕೆಳಗಿಟ್ಟು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಆ ಜಾಗದ ಮೇಲೆ ಅಂಗೈ ಇಟ್ಟಳು. ಎರಡನೇ ಸಾಲಿನಲ್ಲಿ ಕೂತಿದ್ದ ನನ್ನ ಮಗಳು ನನ್ನನ್ನೇ ನೋಡುತ್ತಿದ್ದಳು.

"ನೀವು ಈ ಕೆಲಸ ಬಲ್ಲವರು. ಮೇಲಿನ ಪದರ ಮಾತ್ರ ತೆಗೆಯೋಕೆ ಬರುತ್ತಲ್ವಾ?" ಎಂದಳು ಬ್ರಶ್ಶಮ್ಮ.

ಸುಳ್ಳು ಹೇಳಿದ ಮೇಲೆ ಅದರ ಬೆನ್ನಿಗೇ ಇಂಥದ್ದೊಂದು ಬರುತ್ತದೆ ಎಂದು ನಾನು ಯೋಚಿಸಿರಲಿಲ್ಲ. "ಬರುತ್ತೆ. ಆದ್ರೆ ಪೂರ್ತಿ ಆರಬೇಕು. ಮುಂದಿನ ಶುಕ್ರವಾರ ನೋಡೋಣ" ಎಂದೆ.

ಆ ವಾರ ನಾನು ಅರ್ಧ ಊಟಕ್ಕೇ ಏಳುತ್ತಿದ್ದೆ. ಮಗಳಿಗೂ ಅಷ್ಟೆ. ತಟ್ಟೆಯ ಎದುರು ಕೂತು ಬೆರಳಾಡಿಸಿ ಎದ್ದು ಹೋಗುತ್ತಿದ್ದಳು. ಮೈ ಮುಟ್ಟಿ ನೋಡಿದರೆ ಬಿಸಿ ಇಲ್ಲ. ಹೆಂಡತಿ, "ಏನೋ ನಡೆದಿದೆ, ಇಬ್ಬರೂ ಬಾಯಿ ಬಿಡ್ತಿಲ್ಲ" ಎಂದು ರೇಗಿದಳು. ಮಗಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ, ಗೆಳತಿಯ ಚಿತ್ರ ಅಳಿಸಿದೆ ಎಂದು ಸಿಟ್ಟು, ನಾಲ್ಕು ದಿನದಲ್ಲಿ ಇಳಿದೀತು ಎಂದುಕೊಂಡೆ. ಅವಳನ್ನು ಕೂರಿಸಿಕೊಂಡು ಕೇಳುವಷ್ಟು ಧೈರ್ಯ ಬರಲಿಲ್ಲ. ಕೇಳಿದರೆ ಸುಳ್ಳು ಯಾಕೆ ಹೇಳಿದೆ ಎಂದು ಅವಳು ನನ್ನನ್ನೇ ಕೇಳುತ್ತಾಳಲ್ಲ.

ಇನ್ನೊಂದು ಸುಳ್ಳನ್ನು ತಯಾರು ಮಾಡಿಟ್ಟುಕೊಂಡೆ. ಮೆಲ್ಲಗೆ ಕೆರೆಯುವುದು, ಪ್ರೈಮರ್ ಜೊತೆಗೇ ಚಿತ್ರವೂ ಕಿತ್ತು ಬಂತು ಎನ್ನುವುದು. ಅಯ್ಯೋ ಎನ್ನುವುದು. ಅವಳೂ ಅಯ್ಯೋ ಎನ್ನುತ್ತಾಳೆ. ಯಾರ ತಪ್ಪೂ ಇಲ್ಲದ ಹಾಗೆ ಮುಗಿದುಹೋಗುತ್ತದೆ.

ಶುಕ್ರವಾರ ಅವಳು ಬಕೀಟು ತಂದಿರಲಿಲ್ಲ. ಬೇರೆ ಬಟ್ಟೆ ಉಟ್ಟು, ತುರುಬು ಬಿಗಿಯಾಗಿ ಕಟ್ಟಿ, ಯಾರನ್ನೋ ಎದುರುಗೊಳ್ಳಲು ಬಂದವಳ ಹಾಗೆ ಬಂದಿದ್ದಳು. ಮಕ್ಕಳಿಗೆ ಹಾಳೆ ಹಂಚಿ ಬರೆಯಲು ಹೇಳಿದ್ದರು, ಆದರೆ ಒಂದು ಮಗುವೂ ಬರೆಯಲಿಲ್ಲ. ನಾನು ಕೂತೆ. ಅವಳು ನನ್ನ ಪಕ್ಕದಲ್ಲೇ ನೆಲಕ್ಕೆ ಮಂಡಿಯೂರಿದಳು.

ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯತೊಡಗಿದೆ. ಪ್ರೈಮರ್ ಸಣ್ಣ ಸುರುಳಿಯಾಗಿ ಎದ್ದಿತು. ಪ್ರತಿ ಸುರುಳಿ ಎದ್ದಾಗಲೂ ಅವಳು ಮುಂದೆ ಬಾಗುತ್ತಿದ್ದಳು. ಕೆಳಗೆ ಪುಟ್ಟಿಯ ಬಿಳುಪು ಕಂಡಿತು. "ಇನ್ನೂ ಸ್ವಲ್ಪ ಒಳಗಾ?" ಎಂದಳು. ಹೂಂ ಎಂದೆ. ಪುಟ್ಟಿ ಕೆರೆದೆ. ನನ್ನ ಕೆಲಸ ಅದು, ಒಂದೇ ಸಮ, ನಯವಾಗಿ, ಗಟ್ಟಿಯಾಗಿ ಕೂತಿತ್ತು. ಬಿಡಿಸುವುದು ಕಷ್ಟವಾಯಿತು. ಗಾರೆಯ ಬೂದು ಬಣ್ಣ ಇಣುಕಿದಾಗ ನಾನು ಅಯ್ಯೋ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಕೆರೆಯುತ್ತಲೇ ಹೋದೆ.

"ಅಪ್ಪಾ, ಸಾಕು."

ಮಗಳು ನಮ್ಮ ಹಿಂದೆ ಬಂದು ನಿಂತಿದ್ದಳು. ಕೆಲಸದ ಹೊತ್ತಿನಲ್ಲಿ ಅವಳು ನನ್ನನ್ನು ತಡೆದದ್ದು ಅದೇ ಮೊದಲು.

"ಬ್ರಶ್ಶಮ್ಮ, ಅಲ್ಲಿ ಏನೂ ಇಲ್ಲ," ಎಂದಳು. "ಅಪ್ಪ ಉಜ್ಜಿಬಿಟ್ರು. ನಾನು ಇಲ್ಲೇ ಇದ್ದೆ. ಅವರಿಗೆ ಗೊತ್ತಿರಲಿಲ್ಲ. ನಂಗೆ ಗೊತ್ತಿತ್ತು. ನಾನು ಹೇಳಲಿಲ್ಲ. ನಂದೇ ತಪ್ಪು." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದಿತ್ತು.

ಹನ್ನೆರಡು ದಿನ. ಹನ್ನೆರಡು ದಿನ ಆ ಮಗು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಬಂದಿತ್ತು. ನಾನು ಅದನ್ನು ಮುನಿಸು ಎಂದುಕೊಂಡಿದ್ದೆ. ನನ್ನ ಕೋಪಕ್ಕೆ, ನನ್ನ ನಿಯಮಕ್ಕೆ, ನನ್ನ ನಯವಾದ ಗೋಡೆಗೆ ಧಿಕ್ಕಾರವಿರಲಿ ಅನ್ನಿಸಿತು. "ಅವಳ ತಪ್ಪಲ್ಲ ತಾಯಿ," ಎಂದೆ. "ಅವಳು ಹೇಳೋಕೆ ಬಂದಳು. ನಾನೇ ಬಾಯಿ ಮುಚ್ಚಿಸಿದೆ. ಆಮೇಲೆ ನಿಮಗೆ ಸುಳ್ಳು ಹೇಳಿದೆ. ನಾನು ಏಣಿ ಮೇಲೂ ಇರಲಿಲ್ಲ, ನೆಲದ ಮೇಲೇ ಕೂತಿದ್ದೆ." ಕೊನೆಯ ಮಾತು ಅವಳಿಗೆ ಏನು ಅರ್ಥವಾಯಿತೋ ಕಾಣೆ. ನನಗೆ ಅದನ್ನು ಹೇಳಲೇಬೇಕಿತ್ತು.

ಬ್ರಶ್ಶಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು. ಅವಳು ಗಾರೆಯ ಆ ಗುಂಡಿಯನ್ನು ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ ಮಾತಾಡಿದಳು, ಗೋಡೆಗೆ ಹೇಳುತ್ತಿರುವ ಹಾಗೆ.

"ಮಗಳು ಬರೆದ ದಿನ ನಾನೂ ಉಜ್ಜಿದೆ. ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ. ಶಾಲೆ ಗೋಡೆ ಹಾಳು ಮಾಡಿದೆಯಲ್ಲೇ ಅಂತ ಬೆನ್ನಿಗೊಂದು ಕೊಟ್ಟೆ. ಏನೋ ಹೇಳೋಕೆ ಬಂದಳು, ನಾನು ಕೇಳಲಿಲ್ಲ. ಆಮೇಲೆ ಜ್ವರ ಬಂತು, ಕೇಳೋದು ಹಾಗೇ ಉಳೀತು. ಪ್ರತಿ ಶುಕ್ರವಾರ ಬಂದು ನೋಡ್ತಿದ್ದೆ, ಏನು ಬರೆದಿದಾಳೆ ಅಂತ. ಒಂದ್ಸಲ ಬಾವಿ ಅನ್ಸೋದು, ಒಂದ್ಸಲ ಹೂವು ಅನ್ಸೋದು. ಕೊನೆಗೂ ಗೊತ್ತಾಗ್ಲಿಲ್ಲ. ಇನ್ನು ಗೊತ್ತೂ ಆಗಲ್ಲ."

ಮಗಳು ಕಣ್ಣೊರೆಸಿಕೊಂಡು ಅವಳನ್ನು ನೋಡಿದಳು. ದೊಡ್ಡವರಿಗೆ ಇಷ್ಟೂ ತಿಳಿಯದೇ ಎಂಬ ಬೆರಗಿತ್ತು ಆ ಮುಖದಲ್ಲಿ.

"ಅದು ನೀವು," ಎಂದಳು.

"ನಾನಾ?"

"ಹೂಂ. ಬರೀವಾಗ್ಲೇ ನಮಗೆಲ್ಲ ಹೇಳಿದ್ಳು. ಕೆಳಗೆ ರೌಂಡ್ ಇತ್ತಲ್ಲ, ಅದು ಬಕೀಟು. ಅದರೊಳಗೆ ಬ್ರಶ್ಶು. ಮೇಲಿಂದು ನಿಮ್ಮ ಮುಖ. ಅದರ ಮೇಲಿಂದು ತುರುಬು."

ಹೌದು ಹೌದು ಎಂದು ಹಿಂದಿನಿಂದ ಎರಡು ಮಕ್ಕಳು ದನಿಗೂಡಿಸಿದವು. ಇಡೀ ತರಗತಿಗೆ ಗೊತ್ತಿದ್ದ ವಿಷಯ ಅದು. ಯಾರೂ ಅವರನ್ನು ಕೇಳಿರಲಿಲ್ಲ. ಬ್ರಶ್ಶಮ್ಮನ ಕೈ ತಾನಾಗಿ ತುರುಬಿನ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಮತ್ತೆ ಆ ಕೆಂಪು? ಅದು ಸಿಡಿದ ಬಣ್ಣ ಅಂದ್ಕೊಂಡಿದ್ದೆ."

"ಅದು ಬಾಯಿ," ಎಂದಳು ನನ್ನ ಮಗಳು. "ನೀವು ನಗ್ತಾ ಇದ್ರಿ ಅದರಲ್ಲಿ."

ಬ್ರಶ್ಶಮ್ಮ ಅಳುತ್ತಾಳೆ ಎಂದುಕೊಂಡೆ. ಅವಳು ನನ್ನ ಮಗಳನ್ನು ಹತ್ತಿರ ಎಳೆದುಕೊಂಡು, ಪುಟ್ಟಿಯ ಪುಡಿ ಹರಡಿದ್ದ ಆ ನೆಲದ ಮೇಲೆಯೇ ಮಡಿಲಲ್ಲಿ ಕೂರಿಸಿಕೊಂಡಳು. "ಇನ್ನೊಂದ್ಸಲ ಹೇಳು," ಎಂದಳು. "ಮೊದಲಿಂದ. ಎಲ್ಲಿ ಕೂತು ಬರೆದಳು, ಯಾವ ಕೈಲಿ ಬರೆದಳು, ಎಲ್ಲ ಹೇಳು."

ಮಗಳು ನನ್ನ ಕಡೆ ಒಮ್ಮೆ ನೋಡಿದಳು. ಹೇಳು ಎಂದು ತಲೆಯಾಡಿಸಿದೆ. ಅವಳು ಹೇಳತೊಡಗಿದಳು, ಅವಳು ಮರೆತ ಕಡೆ ಬೇರೆ ಮಕ್ಕಳು ಎದ್ದು ಬಂದು ಸೇರಿಸಿದವು. ನಾನು ತೊಟ್ಟಿಯ ನಲ್ಲಿ ತಿರುಗಿಸಿ, ಮೂಲೆಯಲ್ಲಿದ್ದ ಬಕೀಟು ತುಂಬಿಸಿ, ಹೋದ ವಾರ ತೊಳೆಯದೆ ಉಳಿದಿದ್ದ ಮಕ್ಕಳ ಬ್ರಶ್‌ಗಳನ್ನು ಒಂದೊಂದಾಗಿ ತೊಳೆಯುತ್ತ ನಿಂತೆ.